ತುಮ್ಮಾಸನ ಮಾತು ಕೇಳದವರು

ಹೆಲ್ಲಾವೀಕಿನ ಫುಟ್‌ಬಾಲ್ ಮೈದಾನಕ್ಕೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ. ನಮ್ಮೂರಿನಲ್ಲಿ ಸಪಾಟು ನೆಲ ಅಂತ ಇದ್ದದ್ದೇ ಅಷ್ಟು, ಅದೂ ನೀರಿನ ಕಡೆಗೆ ಒಂದಿಷ್ಟು ವಾಲಿಕೊಂಡಿತ್ತು. ಪಂದ್ಯದ ದಿನ ಇಬ್ಬರು ಮುದುಕರು ದೋಣಿಯಲ್ಲಿ ಹುಟ್ಟು ಹಿಡಿದು ಕಾಯುತ್ತಿದ್ದರು, ಚೆಂಡು ನೀರಿಗೆ ಬಿದ್ದರೆ ಎತ್ತಿಕೊಡಲು. ಬೀಳದೇ ಹೋದ ದಿನ ಅವರಿಗೆ ಬೇಸರವಾಗುತ್ತಿತ್ತು.

ಈ ಮೈದಾನದಲ್ಲಿ ಕ್ರೋಕ್ ಮನೆಯ ತುಮ್ಮಾಸ್ ಹದಿನಾರನೆಯ ವಯಸ್ಸಿಗೇ ಮುಂದಿನ ಸಾಲಿನಲ್ಲಿ ನಿಂತ. ಅವನ ಅಮ್ಮ ಹೆಣೆದ ಉಣ್ಣೆಯ ಅಂಗಿ, ಚಮ್ಮಾರ ಅಡಿಗೆ ಮೊಳೆ ಹೊಡೆದುಕೊಟ್ಟ ಹಳೆಯ ಬೂಟು, ಇಷ್ಟೇ ಅವನ ಸಲಕರಣೆ. ಆಟಕ್ಕೆ ಕಾಸು ಕೊಡುವ ಪದ್ಧತಿ ಫೇರೋ ದ್ವೀಪಗಳಲ್ಲಿ ಯಾರ ಕನಸಿನಲ್ಲೂ ಇರಲಿಲ್ಲ. ಗೆದ್ದರೂ ಊರ ಶಾಲೆಯ ಮೇಷ್ಟ್ರ ಮನೆಯಲ್ಲಿ ಕಾಫಿ, ಸೋತರೂ ಕಾಫಿ. ಗೆದ್ದ ದಿನ ಮೇಷ್ಟ್ರ ಹೆಂಡತಿ ಜೊತೆಗೆ ರೂಬಾರ್ಬ್ ಜಾಮು ಸವರಿದ ಕೇಕು ಕೊಡುತ್ತಿದ್ದಳು, ಹಾಗಾಗಿ ಹುಡುಗರು ಕೇಕಿಗೋಸ್ಕರ ಜೀವ ಬಿಟ್ಟು ಆಡುತ್ತಿದ್ದರು.

ತುಮ್ಮಾಸ್ ಒಳ್ಳೆಯ ಆಟಗಾರನೇ. ಗಾಳಿಯ ಲೆಕ್ಕ ಅವನಿಗಿದ್ದಷ್ಟು ಬೇರೆ ಯಾರಿಗೂ ಇರಲಿಲ್ಲ. ಸಮುದ್ರದ ಕಡೆಗೆ ಒದ್ದ ಚೆಂಡನ್ನು ಗಾಳಿಯೇ ತಿರುಗಿಸಿ ಗೋಲಿನೊಳಗೆ ತಂದು ಹಾಕುವುದನ್ನು ಬೇರೆ ಊರಿನವರು ಬಾಯಿ ಬಿಟ್ಟುಕೊಂಡು ನೋಡಿದ್ದುಂಟು. ಆದರೆ ಒಂದು ಚಾಳಿ ಇತ್ತು, ಚೆಂಡು ಕಾಲಿಗೆ ಬಂದರೆ ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ. ಕಾಲಿಗೆ ಬರುವ ತನಕ ಕೂಗುತ್ತಿದ್ದ. ಆ ಕೂಗಿಗೆ ಗುಡ್ಡದ ಕುರಿಗಳು ಚದುರುತ್ತಿದ್ದವು.

"ಯಾಲ್‌ಗ್ರಿಮ್, ಉದ್ದಕ್ಕೆ ಹೊಡಿಯೋ. ಇಲ್ಲಿದ್ದೀನಿ."

ಯಾಲ್‌ಗ್ರಿಮ್ ಗೋಲ್‌ಕೀಪರ್, ತುಮ್ಮಾಸನ ಬಾಲ್ಯದ ಗೆಳೆಯ, ಬಾಗಿಲ ಚೌಕಟ್ಟು ತುಂಬುವಂಥ ಆಳು. ಕೂಗು ಕಿವಿಗೆ ಬಿದ್ದೇ ಇಲ್ಲ ಎನ್ನುವ ಹಾಗೆ ಪಕ್ಕದಲ್ಲಿದ್ದವನ ಕಾಲಿಗೆ ಮೆಲ್ಲಗೆ ಉರುಳಿಸುತ್ತಿದ್ದ. ಪೆನಾಲ್ಟಿ ಸಿಕ್ಕಾಗ ಮಾತ್ರ ಅವನು ಆ ತುದಿಯಿಂದ ಈ ತುದಿಗೆ ನಡೆದು ಬರುತ್ತಿದ್ದ. ನಮ್ಮ ಗಾಳಿಗೆ ಚೆಂಡು ಇಟ್ಟ ಜಾಗದಲ್ಲಿ ನಿಲ್ಲುವುದಿಲ್ಲ, ಒಬ್ಬ ಹೊಟ್ಟೆಯ ಮೇಲೆ ಮಲಗಿ ಬೆರಳಲ್ಲಿ ಹಿಡಿದುಕೊಳ್ಳಬೇಕು. ತುಮ್ಮಾಸನ ಬೂಟಿನ ಕೆಳಗೆ ಬೆರಳಿಡುವ ಧೈರ್ಯ ಊರಿನಲ್ಲಿ ಯಾಲ್‌ಗ್ರಿಮ್‌ಗೆ ಮಾತ್ರ ಇತ್ತು.

ಮೂವತ್ಮೂರನೆಯ ವಯಸ್ಸಿನಲ್ಲಿ ಹಡಗಿನ ಮೇಲೆ ಲಂಗರಿನ ಸರಪಳಿ ಜಾರಿ ತುಮ್ಮಾಸನ ಮಂಡಿ ಜಜ್ಜಿಹೋಯಿತು. ಆಟವೂ ಹೋಯಿತು, ಸಮುದ್ರವೂ ಹೋಯಿತು. ಆ ಚಳಿಗಾಲವೆಲ್ಲ ಅವನು ಒಲೆಯ ಮುಂದೆ ಕೂತು ಮುಖ ಗಂಟಿಕ್ಕಿಕೊಂಡೇ ಇದ್ದ. ಹೆಂಡತಿ ಎಲ್ಸ್ಪಾಳಿಗೆ ಸಾಕುಸಾಕಾಗಿ, ಕ್ಲಬ್ಬಿನ ಅಧ್ಯಕ್ಷರಾಗಿದ್ದ ಮಿಕ್ಯಾಲ್ ಮೇಷ್ಟ್ರ ಬಾಗಿಲಿಗೆ ತಾನೇ ಹೋದಳು.

"ಮೇಷ್ಟ್ರೇ, ಇವನಿಗೆ ಕೂಗೋಕೆ ಒಂದು ಜಾಗ ಕೊಡಿ. ಇವನ ಕೂಗಾಟಕ್ಕೆ ಮನೇಲಿ ಹಸು ಹಾಲು ಕೊಡ್ತಿಲ್ಲ."

ಹೀಗೆ ತುಮ್ಮಾಸ್ ತಂಡದ ತರಬೇತುದಾರನಾದ. ನಮ್ಮ ಮಾತಿನಲ್ಲಿ ತಂಡ ನಡೆಸುವವನಿಗೆ ಅನ್ನುವ ಪದಕ್ಕೆ 'ಪಳಗಿಸುವವನು' ಎಂದೇ ಅರ್ಥ, ಕುರಿನಾಯಿಯನ್ನು ಪಳಗಿಸುವುದಕ್ಕೂ ಅದೇ ಮಾತು. ಊರಿನವರು ಇದನ್ನು ಸುಮ್ಮನೆ ಬಿಡುತ್ತಾರೆಯೇ? "ಹೇಗೆ ತುಮ್ಮಾಸ್, ಎಷ್ಟು ನಾಯಿ ಪಳಗಿದವು?" ಎಂದು ಅಂಗಡಿಯ ಮುಂದೆ ಕೇಳುವರು. "ನಾಯಿ ಆಗಿದ್ರೆ ಪಳಗ್ತಿದ್ದವು ಮಾರಾಯ. ಇವಕ್ಕೆ ಕಿವಿ ಅಂತ ದೇವರು ಇಟ್ಟೇ ಇಲ್ಲ" ಎನ್ನುವನು.

ಅವನ ಕಷ್ಟ ಬೇರೆಯೇ ಇತ್ತು. ತಂಡದ ಏಳು ಜನ 'ರಾಕೆಲ್' ಎಂಬ ಮೀನುಹಡಗಿನಲ್ಲಿ ಬೇಸಿಗೆಯೆಲ್ಲ ಐಸ್‌ಲ್ಯಾಂಡಿನ ಕಡಲಲ್ಲಿ ಇರುತ್ತಿದ್ದರು. ಯಾಲ್‌ಗ್ರಿಮ್‌ನೇ ಹಡಗಿನ ನಾಯಕ. ಎಲ್ಸ್ಪಾಳ ತಮ್ಮ ದಾವುರ್, ತುಮ್ಮಾಸನ ಜಾಗದಲ್ಲಿ ಈಗ ಗೋಲು ಹೊಡೆಯುತ್ತಿದ್ದವನು, ಅದರಲ್ಲೇ ದುಡಿಯುತ್ತಿದ್ದ. ಮನೆಯಲ್ಲಿಲ್ಲದ ಆಟಗಾರರನ್ನು ಪಳಗಿಸುವುದು ಹೇಗೆ? ತುಮ್ಮಾಸ್ ತಲೆ ಓಡಿಸಿ ಚೆಂಡಿಗೆ ಹಗ್ಗ ಹೊಲಿಸಿದ. ಡೆಕ್ಕಿನ ಮೇಲೆ ಹಾಯಿಕಂಬಕ್ಕೆ ಕಟ್ಟಿ ಒದೆಯಿರಿ, ಸಮುದ್ರಕ್ಕೆ ಬೀಳುವುದಿಲ್ಲ ಎಂದು ಹೇಳಿಕೊಟ್ಟ. ಹುಡುಗರು ಬೇಸಿಗೆಯೆಲ್ಲ ಒದ್ದರು. ಶರತ್ಕಾಲದಲ್ಲಿ ಊರಿಗೆ ಬಂದು ಮೊದಲ ಪಂದ್ಯ ಆಡಿದಾಗ ಒದೆತವೇನೋ ಅದ್ಭುತವಾಗಿತ್ತು. ಆದರೆ ಒದ್ದಮೇಲೆ ಒಬ್ಬನೂ ಓಡಲಿಲ್ಲ. ಎಲ್ಲರೂ ನಿಂತಲ್ಲೇ ನಿಂತು, ಚೆಂಡು ಹಗ್ಗಕ್ಕೆ ಸಿಕ್ಕಿ ವಾಪಸು ಬರುತ್ತದೆಂದು ಕಾಯುತ್ತಿದ್ದರು. ಅವತ್ತು ತುಮ್ಮಾಸ್ ಕೂಗಿದ್ದು ಪಕ್ಕದ ದ್ವೀಪಕ್ಕೂ ಕೇಳಿಸಿತು ಎನ್ನುತ್ತಾರೆ.

ಎರಡನೆಯ ಮಹಾಯುದ್ಧ ಮುಗಿದು ಹನ್ನೆರಡು ಹದಿಮೂರು ವರ್ಷವಾಗಿತ್ತು. ಆ ವರ್ಷ, ಹಡಗುಗಳು ಹೊರಡುವ ಮುಂಚಿನ ಪಂದ್ಯಗಳಲ್ಲಿ ಹೆಲ್ಲಾವೀಕಿಗೂ ನಮ್ಮ ಎದುರಾಳಿ ಊರಾದ ಐಸ್ಟ್‌ನೆಸ್ಸಿಗೂ ಸರಿಸಮ ಅಂಕಗಳು. ಶರತ್ಕಾಲದಲ್ಲಿ ಕೊನೆಯದೊಂದು ಪಂದ್ಯ ಆಡಿ, ಗೆದ್ದವರು ರಾಜಧಾನಿಯ ತಂಡಗಳ ಜೊತೆ ಮೇಲಿನ ದರ್ಜೆಯಲ್ಲಿ ಆಡುವುದು ಎಂದಾಯಿತು. ದಿನ ಇನ್ನೂ ಗೊತ್ತಾಗಿರಲಿಲ್ಲ. ಐಸ್ಟ್‌ನೆಸ್ಸಿನ ಹುಡುಗರೂ ಇನ್ನೊಂದು ಹಡಗಿನಲ್ಲಿ ಅದೇ ಕಡಲಲ್ಲಿದ್ದರು. ಯಾರ ಹಡಗು ಮೊದಲು ಮನೆ ಮುಟ್ಟುತ್ತದೋ ಅವರದೇ ಗೆಲುವು, ಇನ್ನೊಬ್ಬರಿಗೆ ಕಣಕ್ಕಿಳಿಸಲು ಅರ್ಧ ತಂಡವೂ ಇರುವುದಿಲ್ಲ, ಅದು ಕಣ್ಣು ಮುಚ್ಚಿ ಹೇಳಬಹುದಾಗಿತ್ತು.

ಹಡಗುಗಳಿಗೆ ಸುದ್ದಿ ಮುಟ್ಟಿಸಲು ಇದ್ದದ್ದು ರೇಡಿಯೋ ಒಂದೇ. ದಿನವೂ ಸಂಜೆ ಮನೆಯವರ ಸಂದೇಶಗಳನ್ನು ರಾಜಧಾನಿಯ ಕೇಂದ್ರದಿಂದ ಓದುತ್ತಿದ್ದರು. ಮಗುವಿಗೆ ಹಲ್ಲು ಬಂತು, ಅಜ್ಜನ ಕೆಮ್ಮು ಇಳಿಯಿತು, ಆಲೂಗಡ್ಡೆ ಅಗೆದಾಯಿತು, ಇಂಥವು. ಓದುವುದು ಹಡಗಿನವರಿಗೆ, ಕೇಳುವುದು ಹದಿನೇಳು ದ್ವೀಪದ ಎಲ್ಲ ಅಡುಗೆಮನೆಗಳು. ಪಂದ್ಯದ ದಿನ ಹೇಳಿ ಕಳಿಸಿದರೆ ಐಸ್ಟ್‌ನೆಸ್ಸಿನವರಿಗೂ ಡಂಗುರ ಸಾರಿದಂತೆ. ಅದಕ್ಕೇ ಹಡಗು ಹೊರಡುವ ಮುನ್ನ ತುಮ್ಮಾಸ್ ಧಕ್ಕೆಯ ಮೇಲೆ ಯಾಲ್‌ಗ್ರಿಮ್‌ನನ್ನು ಪಕ್ಕಕ್ಕೆ ಕರೆದ.

"ಹಸು ಕರು ಹಾಕಿತು ಅಂತ ಸಂದೇಶ ಬಂದ್ರೆ, ಬಲೆ ಎತ್ತಿ ಆ ಗಳಿಗೇಲೇ ಹೊರಟುಬಿಡು. ಗೊತ್ತಾಯ್ತಾ?"

"ನಿಮ್ಮ ಹಸು ನಿಜವಾಗಿ ಕರು ಹಾಕಿದ್ರೆ?"

"ಅದು ಕ್ರಿಸ್‌ಮಸ್ ಕಳೆದ ಮೇಲೆ. ನೀನು ಮಾತು ಕೊಡು ಮೊದಲು."

ಯಾಲ್‌ಗ್ರಿಮ್ ತಲೆಯಾಡಿಸಿ ಮಾತು ಕೊಟ್ಟ. ಗುಟ್ಟು ಮೂರನೆಯ ಕಿವಿಗೆ ಬೀಳಬಾರದೆಂದು ತುಮ್ಮಾಸ್ ಎಲ್ಸ್ಪಾಳಿಗೂ ಹೇಳಲಿಲ್ಲ. ಅಲ್ಲಿಯೇ ಅವನು ಕೆಟ್ಟದ್ದು. ತನ್ನ ಕೊಟ್ಟಿಗೆಯ ಹಸುವನ್ನು ಹೋರಿಯ ಬಳಿ ಯಾವಾಗ ಕರೆದೊಯ್ದರು ಎನ್ನುವುದೇ ಆ ಮಹಾನುಭಾವನಿಗೆ ತಿಳಿದಿರಲಿಲ್ಲ. ಅವನು ತಂಡ ಕಟ್ಟಿಕೊಂಡು ದ್ವೀಪದಿಂದ ದ್ವೀಪಕ್ಕೆ ಅಲೆಯುತ್ತಿದ್ದಾಗ ಎಲ್ಸ್ಪಾ ತಾನೇ ಹಗ್ಗ ಹಿಡಿದು ನಡೆಸಿಕೊಂಡು ಹೋಗಿ ಬಂದಿದ್ದಳು. ಹಸುವಿನ ಹೊಟ್ಟೆ ದಿನದಿನಕ್ಕೆ ಉಬ್ಬುತ್ತಿದ್ದರೂ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಗಂಡಸರೆಲ್ಲ ಕುರಿ ಇಳಿಸಲು ಗುಡ್ಡಕ್ಕೆ ಹೋದರು. ತುಮ್ಮಾಸನೂ ಕೋಲೂರಿಕೊಂಡು ಹೋದ. ಎರಡು ದಿನ ಕುರುಬರ ಗುಡಿಸಲಿನಲ್ಲಿದ್ದು, ಮೂರನೆಯ ಮಧ್ಯಾಹ್ನ ಒದ್ದೆಯಾಗಿ ಮನೆಗೆ ಬಂದ. ಎಲ್ಸ್ಪಾ ನಗುನಗುತ್ತ ಎದುರು ಬಂದಳು.

"ಕೊಟ್ಟಿಗೆಗೆ ಹೋಗಿ ನೋಡು. ಹೆಣ್ಣುಗರು, ಹಣೆ ಮೇಲೆ ಬಿಳಿ ಚುಕ್ಕೆ. ದಾವುರ್ ಆ ಹಸು ಅಂದ್ರೆ ಜೀವ ಬಿಡ್ತಾನಲ್ಲ, ನಿನ್ನೆ ಸಂಜೆ ರೇಡಿಯೋದಲ್ಲಿ ಹೇಳಿ ಕಳಿಸಿದೆ."

ತುಮ್ಮಾಸ್ ಹೊಸ್ತಿಲ ಮೇಲೆಯೇ ಕೂತುಬಿಟ್ಟ.

"ಏನಂತ ಹೇಳಿ ಕಳಿಸಿದೆ?"

"ಏನಂತ ಅಂದ್ರೆ? ಹಸು ಕರು ಹಾಕಿತು ಅಂತ."

ಅವನು ಎಲ್ಲವನ್ನೂ ಹೇಳಿದ. ಎಲ್ಸ್ಪಾ ಮೊದಲು ನಗಲು ಹೋದಳು, ಆಮೇಲೆ ಕಿಟಕಿಯ ಕಡೆಗೆ ನೋಡಿದಳು. ಬೆಳಗ್ಗೆಯಿಂದಲೇ ಹವಾಮಾನದ ಎಚ್ಚರಿಕೆ ಬರುತ್ತಿತ್ತು, ನೈಋತ್ಯದಿಂದ ದೊಡ್ಡ ಬಿರುಗಾಳಿ, ಹಡಗುಗಳು ಬಂದರು ಬಿಡಬಾರದು ಎಂದು. ನಿನ್ನೆ ಸಂಜೆ ಹೊರಟ ಹಡಗು ಈಗ ಎರಡು ನಾಡುಗಳ ನಟ್ಟನಡುವೆ ಇರಬೇಕು, ತಪ್ಪಿಸಿಕೊಂಡು ನುಗ್ಗಲು ಒಂದು ಕೊಲ್ಲಿಯೂ ಇಲ್ಲದ ಕಡೆ.

"ನೀನು ನನಗೆ ಒಂದು ಮಾತು ಹೇಳಿದ್ದಿದ್ರೆ," ಎಂದಳು ಎಲ್ಸ್ಪಾ. ಅಷ್ಟೇ ಹೇಳಿ, ಶಾಲು ಹೊದ್ದು, ಅವನಿಗಿಂತ ಮೊದಲು ಅಂಗಡಿಯ ಕಡೆಗೆ ಓಡಿದಳು. ಊರಿನ ಒಂದೇ ಟೆಲಿಫೋನು ಅಲ್ಲಿತ್ತು.

ಕೇಂದ್ರದವರು ರಾಕೆಲ್ ಹಡಗನ್ನು ಕರೆದರು, ಮತ್ತೆ ಮತ್ತೆ ಕರೆದರು. ಉತ್ತರ ಬರಲಿಲ್ಲ. ಕತ್ತಲಾಗುವಷ್ಟರಲ್ಲಿ ಗಾಳಿ ಎದ್ದಿತು. ಹುಲ್ಲುಮಾಡುಗಳ ಮೇಲೆ ಕಲ್ಲು ಹೇರಿ ಕಟ್ಟಿದ್ದ ಹಗ್ಗಗಳು ಕಿರುಗುಟ್ಟಿದವು. ಮೈದಾನದ ಗೋಲುಕಂಬ ಒಂದು ಮುರಿದು ಮಿಕ್ಯಾಲ್ ಮೇಷ್ಟ್ರ ಅಂಗಳಕ್ಕೆ ಬಂದು ಬಿತ್ತು.

ಇಂಥ ಗಾಳಿಯಲ್ಲಿ ಊರಿನವರು ಎಷ್ಟೋ ಸಲ ಕಾದಿದ್ದಾರೆ. ಕಾಯುವುದು ನಮಗೆ ಹೊಸದಲ್ಲ. ಆದರೆ ಸಮುದ್ರ ಕರೆದುಕೊಂಡು ಹೋಗುವುದು ಬೇರೆ, ಮನುಷ್ಯ ಕರೆದು ಕೊಲ್ಲುವುದು ಬೇರೆ. ತುಮ್ಮಾಸ್ ಯಾರಿಗೂ ಹೇಳದೆ ಇದ್ದುಬಿಡಬಹುದಾಗಿತ್ತು, ಎಲ್ಸ್ಪಾ ಬಾಯಿ ಬಿಡುತ್ತಿರಲಿಲ್ಲ. ಅವನಿಗೆ ತಡೆಯಲಾಗಲಿಲ್ಲ. ಬೆಳಗಾದೊಡನೆ ಮೊದಲು ಮಾರ್ಯುನಕ್ಕನ ಮನೆಗೆ ಹೋದ. ಅವಳು ವಿಧವೆ, ಇಬ್ಬರು ಗಂಡುಮಕ್ಕಳೂ ಆ ಹಡಗಿನಲ್ಲಿದ್ದರು.

ಮಾರ್ಯುನಕ್ಕ ಹೆಣೆಯುತ್ತ ಕೂತಿದ್ದಳು. ಅವನು ಹೇಳಿ ಮುಗಿಸುವ ತನಕ ಸೂಜಿ ನಿಲ್ಲಿಸಲಿಲ್ಲ.

"ಚೆಂಡಿಗೋಸ್ಕರ ಕರೆಸಿದೆಯಾ ನನ್ನ ಮಕ್ಕಳನ್ನ?"

"ಕರೆಸಲಿಲ್ಲ ಅಕ್ಕ. ಆದ್ರೆ ಕರೆಸಿದ ಹಾಗೇ ಆಯ್ತು."

"ಹ್ಞೂಂ."

ಅವನು ಎದ್ದು ನಿಂತ. ಎಲ್ಲಿಗೆ ಹೋಗಬೇಕೆಂದು ಅವನಿಗೆ ತಿಳಿಯಲಿಲ್ಲ.

"ಕಂಬದ ಹಾಗೆ ನಿಲ್ಲಬೇಡ," ಎಂದಳು ಮಾರ್ಯುನಕ್ಕ. "ಒಲೆಗೆ ಮಣ್ಣುಹೆಂಟೆ ಮುಗೀತಾ ಬಂತು. ಅದು ನನ್ನ ದೊಡ್ಡವನ ಕೆಲಸ. ಅವನು ಬರೋ ತನಕ ನೀನು ಹೊತ್ತು ತಾ."

ತುಮ್ಮಾಸ್ ಗುಡ್ಡದ ಬುಡದಿಂದ ಬೆನ್ನಿನ ಬುಟ್ಟಿಯಲ್ಲಿ ಹೆಂಟೆ ಹೊತ್ತು ತಂದ, ಜೌಗಿನಿಂದ ಕಡಿದು ಒಣಗಿಸಿದ ಮಣ್ಣು, ನಮ್ಮಲ್ಲಿ ಸೌದೆಯ ಬದಲು ಉರಿಸುವುದು ಅದನ್ನೇ. ಅವಳ ಮನೆಗಾದ ಮೇಲೆ ಹಡಗಿನಲ್ಲಿದ್ದವರ ಒಂದೊಂದು ಮನೆಗೂ ಹೋದ, ವಿಷಯ ಹೇಳಿದ, ಹೆಂಟೆ ಹಾಕಿದ. ಒಂದು ಮನೆಯಲ್ಲಿ ಬಾಗಿಲು ತೆರೆಯಲಿಲ್ಲ, ಹೊರಗೇ ಒಟ್ಟಿ ಬಂದ. ಇನ್ನೊಂದು ಮನೆಯಲ್ಲಿ ಮುದುಕನೊಬ್ಬ, "ನಿನ್ನ ಆಟ ಹಾಳಾಗಿ ಹೋಗಲಿ" ಎಂದು ಉಗುಳಿದ. ಅದೇ ಅವನಿಗೆ ಎಷ್ಟೋ ಹಗುರವೆನಿಸಿತು. ಸುಮ್ಮನೆ ಕಾಫಿ ಕೊಟ್ಟು ಕಣ್ಣೊರೆಸಿಕೊಂಡವರ ಮುಂದೆ ಕೂರುವುದು ಅವನ ಕೈಲಾಗಲಿಲ್ಲ. ಗಾಳಿಗೆ ಎರಡು ಸಲ ಬಿದ್ದ, ಕೆಟ್ಟ ಮಂಡಿ ಊದಿ ಕುಂಬಳಕಾಯಿಯಾಯಿತು.

ಸಂಜೆ ಊರವರೆಲ್ಲ ಶಾಲೆಯಲ್ಲಿ ಸೇರಿದರು. ಮಿಕ್ಯಾಲ್ ಮೇಷ್ಟ್ರು ಬೈಬಲ್ ಓದಿದರು. ತುಮ್ಮಾಸ್ ಹಿಂದಿನ ಬೆಂಚಿನಲ್ಲಿ ಕೂತಿದ್ದ, ಪಕ್ಕದಲ್ಲಿ ಎಲ್ಸ್ಪಾ ಮಾತ್ರ. ಅವಳ ತಮ್ಮನೂ ಹಡಗಿನಲ್ಲಿದ್ದಾನೆ ಎನ್ನುವುದು ಯಾರಿಗೂ ನೆನಪಿರಲಿಲ್ಲ, ಅವನಿಗೆ ಇತ್ತು. "ಎಲ್ಸ್ಪಾ, ನಾನು ಇನ್ನು ಮೇಲೆ ಬಾಯಿ ತೆರೆಯಲ್ಲ ಕಣೇ" ಎಂದ ಮೆಲ್ಲಗೆ. ಅವಳು ಅವನ ಕೈ ಹಿಡಿದುಕೊಂಡಳು.

ಮಾರನೆಯ ದಿನ ಗಾಳಿ ತಗ್ಗಿತು. ಸಂದೇಶ ಓದುವ ಹೊತ್ತಿಗೆ ಎಲ್ಲ ಅಡುಗೆಮನೆಗಳಲ್ಲೂ ರೇಡಿಯೋ ಹಾಡುತ್ತಿತ್ತು. ಓದುವವರು ನಡುವೆ ನಿಲ್ಲಿಸಿ, ಐಸ್‌ಲ್ಯಾಂಡಿನ ಪೂರ್ವದ ಕೊಲ್ಲಿಯಿಂದ ಹೊರಬಂದ ಹಡಗೊಂದು ಕರೆಯುತ್ತಿದೆ ಎಂದರು. ಆಮೇಲೆ ಕರಕರ ಸದ್ದು. ಅದರ ಹಿಂದಿನಿಂದ ಯಾಲ್‌ಗ್ರಿಮ್‌ನ ಗೊಗ್ಗರು ದನಿ.

"ರಾಕೆಲ್ ಮಾತಾಡ್ತಿರೋದು. ಎಲ್ಲರೂ ಸುಖ. ಮನೆಗೆ ಬರ್ತಾ ಇದ್ದೀವಿ. ದಾವುರ್ ಕೇಳ್ತಿದ್ದಾನೆ, ಕರು ಹೆಣ್ಣೋ ಗಂಡೋ?"

ಹೆಲ್ಲಾವೀಕಿನಲ್ಲಿ ಬಾಗಿಲುಗಳು ಪಟಪಟ ತೆರೆದವು. ಜನ ಒಬ್ಬರ ಮನೆಗೊಬ್ಬರು ಓಡಿದರು, ಎಲ್ಲರೂ ಕೇಳಿದ್ದ ಸುದ್ದಿಯನ್ನೇ ಎಲ್ಲರಿಗೂ ಹೇಳಲು. ಎಲ್ಸ್ಪಾ ರೇಡಿಯೋದ ಮುಂದೆ ನಿಂತು, "ಹೆಣ್ಣು ಕಣೋ, ಹೆಣ್ಣು" ಎನ್ನುತ್ತ ಅತ್ತಳು, ಅದು ಅವನಿಗೆ ಕೇಳುವುದಿಲ್ಲ ಎಂದು ಗೊತ್ತಿದ್ದೂ. ತುಮ್ಮಾಸ್ ಕೊಟ್ಟಿಗೆಗೆ ಹೋದ. ಹಸುವಿನ ಕುತ್ತಿಗೆಗೆ ಹಣೆಯಾನಿಸಿ ತುಂಬಾ ಹೊತ್ತು ನಿಂತ. ಆಗಲೇ ಅವನು ಆ ಕರುವನ್ನು ಮೊದಲ ಸಲ ಸರಿಯಾಗಿ ನೋಡಿದ್ದು.

ಹಡಗು ಧಕ್ಕೆಗೆ ತಾಗಿದಾಗ ಯಾಲ್‌ಗ್ರಿಮ್ ಕೊನೆಯಲ್ಲಿ ಇಳಿದ. ತುಮ್ಮಾಸ್ ಅವನ ಕೊರಳಪಟ್ಟಿ ಹಿಡಿದುಕೊಂಡ, ಜಗಳಕ್ಕೋ ಅಪ್ಪುವುದಕ್ಕೋ ಅವನಿಗೇ ಗೊತ್ತಿರಲಿಲ್ಲ.

"ಸಂದೇಶ ಬಂದಿತ್ತಾ?"

"ಬಂದಿತ್ತು."

"ಹೊರಟೆಯಾ?"

"ಹೊರಟೆ. ಹುಡುಗರೆಲ್ಲ ಕುಣಿದಾಡಿಬಿಟ್ಟರು. ನಾಲ್ಕು ಗಂಟೆ ಬಂದಿದ್ವಿ, ಗಾಳಿಯ ಒತ್ತಡ ತೋರಿಸೋ ಮುಳ್ಳು ನೋಡಿದೆ, ಪಾತಾಳಕ್ಕೆ ಇಳಿದಿತ್ತು. ತಿರುಗಿಸಿ ಕೊಲ್ಲಿಯೊಳಗೆ ನುಗ್ಗಿ ಲಂಗರು ಹಾಕಿದೆ. ಸುತ್ತ ಬೆಟ್ಟ, ರೇಡಿಯೋ ಸತ್ತುಹೋಗಿತ್ತು."

"ಆ ಗಳಿಗೇಲೇ ಬರ್ತೀನಿ, ಏನೇ ಆದ್ರೂ ಬರ್ತೀನಿ ಅಂತ ಮಾತು ಕೊಟ್ಟಿದ್ದೆಯಲ್ಲೋ."

ಯಾಲ್‌ಗ್ರಿಮ್ ಅವನ ಕೈಯನ್ನು ಮೆಲ್ಲಗೆ ಬಿಡಿಸಿದ.

"ಏನಯ್ಯಾ ನೀನು? ಇಪ್ಪತ್ತು ವರ್ಷದಿಂದ ಮೈದಾನದ ಆ ತುದಿಯಿಂದ ಗಂಟಲು ಹರ್ಕೊಳ್ತಾ ಇದ್ದೀಯ. ಯಾವತ್ತಾದ್ರೂ ನಿನ್ನ ಮಾತು ಕೇಳಿದ್ದೀನಾ ನಾನು?"

ಎದೆಯ ಮೇಲಿನ ಬಂಡೆ ಉರುಳಿ ನೀರಿಗೆ ಬಿದ್ದಂತಾಯಿತು ತುಮ್ಮಾಸನಿಗೆ. ಇವರು ತನ್ನ ಮಾತಿಗೆ ಸಾಯುವ ಜಾತಿಯವರೇ ಅಲ್ಲ. ಅವರನ್ನು ಪಳಗಿಸಲು ಹೋಗಿ ಒಂದಿಷ್ಟೂ ಸಾಧ್ಯವಾಗಲಿಲ್ಲ ಎನ್ನುವುದಕ್ಕೆ ಅವನು ಆ ದಿನ ದೇವರಿಗೆ ಕೈಮುಗಿದ. ನಗುತ್ತ ನಗುತ್ತ ಅಲ್ಲಿಯೇ ಹಗ್ಗದ ಸುರುಳಿಯ ಮೇಲೆ ಕೂತ, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಪಂದ್ಯ ಅಕ್ಟೋಬರಿನ ಒಂದು ಭಾನುವಾರ ನಡೆಯಿತು, ಮುರಿದ ಗೋಲುಕಂಬದ ಜಾಗದಲ್ಲಿ ಹಳೆಯ ಹುಟ್ಟೊಂದನ್ನು ನಿಲ್ಲಿಸಿ. ಐಸ್ಟ್‌ನೆಸ್ಸಿನ ಹಡಗೂ ಅಷ್ಟರಲ್ಲಿ ಬಂದಿತ್ತು, ಗುಟ್ಟು ಮಾಡಿದ್ದೆಲ್ಲ ನೀರುಪಾಲು. ತುಮ್ಮಾಸ್ ಗೆರೆಯ ಹೊರಗೆ ಕೋಲೂರಿಕೊಂಡು ನಿಂತ. ಎಲ್ಸ್ಪಾಳಿಗೆ ಕೊಟ್ಟ ಮಾತಿನಂತೆ ಬಾಯಿ ಬಿಗಿದುಕೊಂಡಿದ್ದ. ಮೊದಲರ್ಧ ಮುಗಿಯುವಷ್ಟರಲ್ಲಿ ನಮ್ಮವರು ಎರಡು ಗೋಲು ಹಿಂದಿದ್ದರು. ಹುಡುಗರು ಆಗಾಗ ಗೆರೆಯ ಕಡೆ ತಿರುಗಿ ನೋಡುತ್ತಿದ್ದರು, ಏನೋ ಕಳೆದುಕೊಂಡವರಂತೆ. ಜನರ ನಡುವೆಯೂ ಸದ್ದಿಲ್ಲ. ಸಾವಿನ ಮನೆಯಲ್ಲಿ ಆಟ ಆಡುತ್ತಿರುವ ಹಾಗಿತ್ತು.

ದ್ವಿತೀಯಾರ್ಧ ಶುರುವಾದಾಗ ಮಾರ್ಯುನಕ್ಕ ಗುಂಪನ್ನು ಸೀಳಿಕೊಂಡು ಬಂದು ಅವನ ಪಕ್ಕದಲ್ಲಿ ನಿಂತಳು. ಅವತ್ತಿನಿಂದ ಅವಳು ಅವನ ಜೊತೆ ಮಾತಾಡಿರಲಿಲ್ಲ.

"ಏನೋ ತುಮ್ಮಾಸ, ನಾಲಿಗೆ ಬೆಕ್ಕು ತಿಂತಾ?"

"ಬೇಡ ಅಕ್ಕ. ಕೂಗಿದ್ದು ಸಾಕು."

"ಸಾಕೋ ಬೇಕೋ ನಿನ್ನನ್ನ ಕೇಳಿದವರು ಯಾರು? ನನ್ನ ಚಿಕ್ಕವನು ಅಲ್ಲಿ ನಿದ್ದೆ ಹೊಡೀತಾ ನಿಂತಿದ್ದಾನೆ, ನೋಡೋಕಾಗ್ತಿಲ್ಲ ನನಗೆ. ಕೂಗು."

ಅವನು ಅವಳ ಮುಖ ನೋಡಿದ. ಅವಳು ಮೈದಾನವನ್ನೇ ನೋಡುತ್ತಿದ್ದಳು, ಕೈಯಲ್ಲಿ ಅರ್ಧ ಹೆಣೆದ ಕಾಲುಚೀಲ. ತುಮ್ಮಾಸ್ ಉಸಿರೆಳೆದುಕೊಂಡ.

"ದಾವುರ್," ಎಂದು ಕೂಗಿದ, ಗುಡ್ಡದ ಕುರಿಗಳು ತಲೆಯೆತ್ತುವಂತೆ. "ಬಲಕ್ಕೆ ಕೊಡೋ, ಬಲಕ್ಕೆ."

ದಾವುರ್ ನಕ್ಕ. ಎಡಕ್ಕೆ ತಿರುಗಿ, ಇದ್ದ ಬಲವೆಲ್ಲ ಬಿಟ್ಟು, ಚೆಂಡನ್ನು ನೇರ ಸಮುದ್ರಕ್ಕೆ ಒದ್ದ. ದೋಣಿಯ ಮುದುಕರು ಹುಟ್ಟು ಹಾಕತೊಡಗಿದರು.